ಜೆಸಿಬಿ ಬಿಡದೆ ಹಳೇ ಮನೆ ಬಿಚ್ಚಿಸಿದ್ದು – ನನ್ನ ಅನುಭವ

ನಮ್ಮದು ಕೊಡಗಿನ ಮಾದಾಪುರ ಕಡೆ ಕಾಫಿ ತೋಟ. ಅಜ್ಜನ ಕಾಲದ ಮನೆ, ಪಕ್ಕದ ಲೈನ್ ಮನೆ (ತೋಟದ ಕೆಲಸದವರ ಸಾಲು ಮನೆ) ಎರಡೂ ತೆಗೀಬೇಕಿತ್ತು. ಇಲ್ಲಿ ಮಾಮೂಲಿ ಏನ್ ಮಾಡ್ತಾರೆ ಅಂದ್ರೆ ಜೆಸಿಬಿ ತರಿಸಿ ನೆಲಸಮ ಮಾಡಿ, ಟಿಪ್ಪರ್‌ಗೆ ತುಂಬಿ ಯಾವ್ದಾದ್ರೂ ಬರೆ (ಕಡಿದಾದ ಮಣ್ಣಿನ ಇಳಿಜಾರು) ಅಂಚಿಗೋ ಪಾಳು ಬಿದ್ದ ಗದ್ದೆಗೋ ಸುರಿದು ಬರೋದು. 2018ರ ಆಗಸ್ಟ್ ಮಳೆಲಿ ಗುಡ್ಡ ಜಾರಿದ್ದನ್ನ ನೋಡಿದ ಮೇಲೂ ಬರೆ ಮೇಲೆ ಅಷ್ಟು ಭಾರ ಹೇರಿ ನೀರು ಹೋಗೋ ದಾರಿ ಮುಚ್ಚೋಕೆ ನಂಗಂತೂ ಧೈರ್ಯ ಬರಲಿಲ್ಲ. ತೋಡಿಗೆ ಹಾಕಿದ್ರೆ ಹಾರಂಗಿ ಹೊಳೆಗೆ, ಅಲ್ಲಿಂದ ಕಾವೇರಿಗೆ, ಅಷ್ಟೇ.

ಕಾಫಿ ಕುಯ್ಲು ಮುಗಿದ ಮೇಲೆ ಮಳೆಗೆ ಮುಂಚೆ ಕೆಲಸ ಹಿಡಿದ್ವಿ, ಆಗ ಆಳೂ ಸಿಗ್ತಾರೆ ಹೆಂಚೂ ಒಣಗಿರುತ್ತೆ. ಮೇಲಿಂದ ಕೆಳಕ್ಕೆ: ಹೆಂಚು, ಅದರಡಿಯ ಮರದ ರೀಪು, ಪಕಾಸು, ಆಮೇಲೆ ಬಾಗಿಲು ಕಿಟಕಿ, ಕೊನೆಗೆ ಗೋಡೆ. ಪ್ರತಿ ಮಂಗಳೂರು ಹೆಂಚನ್ನೂ ಬೆರಳ ಗೆಣ್ಣಲ್ಲಿ ತಟ್ಟಿ ನೋಡಿದ್ವಿ, ಟಣ್ ಅಂದ್ರೆ ಇಟ್ಕೊಳ್ಳೋದು, ಬೊದ್ ಅಂದ್ರೆ ಒಳಗೆ ಬಿರುಕಿದೆ ಅಂತ ಪಕ್ಕಕ್ಕೆ.

ಗೋಡೆ ವಿಷ್ಯ ಮಾತ್ರ ಸ್ವಲ್ಪ ವಿವರವಾಗಿ ಹೇಳ್ಬೇಕು. ಅಜ್ಜನ ಮನೆ ಸುಣ್ಣದ ಗಾರೆದು, ಗಾರೆ ಇಟ್ಟಿಗೆಗಿಂತ ಮೆದು, ಉಳಿ ಇಟ್ಟು ಮೆಲ್ಲಗೆ ತಟ್ಟಿದ್ರೆ ಇಟ್ಟಿಗೆ ಇಡಿಯಾಗಿ ಕೈಗೆ ಬರ್ತಿತ್ತು. ಲೈನ್ ಮನೆ ಆಮೇಲೆ ಸಿಮೆಂಟಲ್ಲಿ ಕಟ್ಟಿದ್ದು, ಅಲ್ಲಿ ಗಾರೆನೇ ಗಟ್ಟಿ, ಇಟ್ಟಿಗೆ ಒಡೆಯುತ್ತೆ ಹೊರತು ಬಿಡಲ್ಲ. ಮೇಸ್ತ್ರಿ "ಸಾವ್ಕಾರ್ರೇ, ಈ ಕೂಲಿಗೆ ಹೊಸ ಇಟ್ಟಿಗೆನೇ ಬರುತ್ತಲ್ಲ" ಅಂತ ದಿನಾ ಗೊಣಗಿದ್ರು. ದುಡ್ಡಿನ ಲೆಕ್ಕದಲ್ಲಿ ಅವ್ರು ಹೇಳಿದ್ದು ಹೆಚ್ಚು ಕಮ್ಮಿ ಸರಿನೇ, ನಾನೇನೂ ಲಾಭ ಮಾಡಲಿಲ್ಲ. ಆದ್ರೆ ಹೊಸ ಇಟ್ಟಿಗೆ ಅಂದ್ರೆ ಎಲ್ಲೋ ಯಾರದ್ದೋ ಹೊಲದ ಮೇಲ್ಮಣ್ಣು, ಗೂಡಲ್ಲಿ ಸುಡೋ ಸೌದೆ ಅಥವಾ ಕಲ್ಲಿದ್ದಲು, ಇಲ್ಲಿ ತನಕ ಲಾರಿ ಡೀಸೆಲ್. ಅಷ್ಟೂ ಉಳೀತು.

ವರಾಂಡದ ಸ್ಲ್ಯಾಬ್ ಒಡೆಸಿ ಕಂಬಿ ಗುಜರಿಗೆ ಕೊಟ್ವಿ. ಕಾಂಕ್ರೀಟ್ ಚೂರನ್ನ ಜಲ್ಲಿ ಸೈಜಿಗೆ ಕುಟ್ಟಿಸಿ, ಪುಡಿ ಜರಡಿ ಹಿಡಿದು, ಹಿಂದಿನ ದಿನವೇ ನೀರು ಕುಡಿಸಿ (ಅಂಟಿಕೊಂಡ ಹಳೇ ಗಾರೆ ನೀರು ಹೀರುತ್ತೆ) ಹೊಸ ಮನೆ ನೆಲದ ಅಡಿ ಬೆಡ್‌ಗೆ ಹಾಕಿದ್ವಿ. ಜಲ್ಲಿ-ಮರಳಿನ ಭಾರತೀಯ ಮಾನಕ ಐಎಸ್ 383ರ 2016ರ ಆವೃತ್ತಿ ಪ್ರಕಾರ ಎಂ15ಕ್ಕಿಂತ ಕಡಿಮೆ ಗ್ರೇಡಿನ (ಎಂ ಪಕ್ಕದ ಅಂಕಿ ಹೆಚ್ಚಾದಷ್ಟೂ ಕಾಂಕ್ರೀಟ್ ಗಟ್ಟಿ) ಬೆಡ್ ಕಾಂಕ್ರೀಟಿಗೆ ಪೂರ್ತಿ ಇಂಥ ಜಲ್ಲಿನೇ ಹಾಕ್ಬಹುದು, ಕಂಬಿ ಹಾಕೋ ಕಾಂಕ್ರೀಟಿಗೆ ಎಂ25 ತನಕ 20% ಮಾತ್ರ, ನಾನು ಪಿಲ್ಲರ್‌ಗೆ ಒಂದು ಬುಟ್ಟಿನೂ ಹಾಕಿಸಲಿಲ್ಲ. ಇದ್ರಿಂದ ಕ್ವಾರಿ ಕಲ್ಲು ಉಳಿಯುತ್ತೆ, ಸಿಮೆಂಟ್ ಉಳಿಯಲ್ಲ, ಅದನ್ನ ತಿಳ್ಕೊಂಡಿರಬೇಕು. ಜಗತ್ತಿನ ಕಾರ್ಬನ್ ಡೈ ಆಕ್ಸೈಡಲ್ಲಿ ಸುಮಾರು 7-8% ಸಿಮೆಂಟಿಂದಲೇ ಬರೋದು, ಹಂಗಾಗಿ ಪುಡಿ ಮಾಡಿ ಬಳಸೋದಕ್ಕಿಂತ ಇದ್ದಂಗೇ ಬಳಸೋದು ಮೇಲು.

ಒಡೆದ ಇಟ್ಟಿಗೆ ತೋಟದ ರಸ್ತೆ ಗುಂಡಿಗೆ ಹೋಯ್ತು. ಸಿಮೆಂಟ್ ಚೂರನ್ನ ಮಾತ್ರ ಕಾಫಿ ಗಿಡದ ಬುಡಕ್ಕೆ ಹೋಗೋಕೆ ಬಿಡಬೇಡಿ, ಕಾಫಿಗೆ ಸ್ವಲ್ಪ ಹುಳಿ ಮಣ್ಣು ಬೇಕು, ಸಿಮೆಂಟು ಅದಕ್ಕೆ ಉಲ್ಟಾ.

ಉಳಿದಿದ್ದು ಸೌದೆ ಕೊಟ್ಟಿಗೆ ಮೇಲಿದ್ದ ಆಸ್ಬೆಸ್ಟಾಸ್ ಶೀಟು. ಒಡೆದ್ರೆ ಅದರ ಧೂಳು ಶ್ವಾಸಕೋಶಕ್ಕೆ ವಿಷ, ಅದಕ್ಕೇ ನೀರು ಹೊಡೆದು ಇಡಿಯಾಗಿ ಇಳಿಸಿ ಪ್ಲಾಸ್ಟಿಕ್ ಸುತ್ತಿ ಇಟ್ಟಿದೀನಿ, ಗುಜರಿಯವ್ರೂ ಬೇಡ ಅಂದ್ರು.