ವಿದೇಶ ವ್ಯಾಸಂಗ: ಪದವಿಯ ಮೊದಲ ವರ್ಷದಿಂದಲೇ ವಿದ್ಯಾರ್ಥಿಗೆ ನೆರವಾಗುವುದು ಹೇಗೆ?

‘ಸರ್, ಒಂದು ರೆಕಮೆಂಡೇಶನ್ ಲೆಟರ್ ಬೇಕಿತ್ತು, ನಾಡಿದ್ದು ಕೊನೆಯ ದಿನ’ ಎಂದು ಅಂತಿಮ ವರ್ಷದ ವಿದ್ಯಾರ್ಥಿಗಳು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಲ್ಲುವುದು ಉಡುಪಿಯ ಕಾಲೇಜೊಂದರಲ್ಲಿ ಪಾಠ ಮಾಡುವ ನನಗೆ ಪ್ರತಿವರ್ಷದ ಅನುಭವ. ಪರವೂರು, ಪರದೇಶ ಎಂಬುದು ನಮ್ಮ ಕರಾವಳಿಗೆ ಹೊಸತಲ್ಲ. ಮುಂಬಯಿಯಲ್ಲೋ ದುಬಾಯಿಯಲ್ಲೋ ಮಸ್ಕತ್‌ನಲ್ಲೋ ನೆಂಟರಿಲ್ಲದ ಮನೆ ಇಲ್ಲಿ ವಿರಳ. ಆದರೆ ದುಡಿಯಲು ಹೋಗುವುದಕ್ಕೂ ಓದಲು ಹೋಗುವುದಕ್ಕೂ ವ್ಯತ್ಯಾಸವಿದೆ. ಕೆಲಸಕ್ಕೆ ಹೋಗುವವನ ಬಹುಪಾಲು ಕಾಗದಪತ್ರಗಳನ್ನು ಕಂಪನಿಯೇ ಮಾಡಿಸುತ್ತದೆ. ಓದಲು ಹೋಗುವವನು ತಾನು ಯಾರು, ಇದುವರೆಗೆ ಏನು ಮಾಡಿದ್ದೇನೆ, ಈ ಕೋರ್ಸೇ ಏಕೆ ಬೇಕು ಎಂಬುದನ್ನು ತಾನೇ ಬರೆದು ಒಪ್ಪಿಸಬೇಕು. ಅಧ್ಯಾಪಕರ, ಪೋಷಕರ ನೆರವು ಬೇಕಾಗುವುದು ಇಲ್ಲಿಯೇ, ಮತ್ತು ಅದು ಮೂರು ವರ್ಷಗಳಲ್ಲಿ ಹರಡಿಕೊಳ್ಳಬೇಕಾದ ಕೆಲಸ.

ಮೊದಲು ದಾರಿ, ಆಮೇಲೆ ದೇಶ

ಮೊದಲ ವರ್ಷದಲ್ಲಿ ‘ಯಾವ ದೇಶ?’ ಎಂದು ಕೇಳುವುದರಿಂದ ಪ್ರಯೋಜನವಿಲ್ಲ. ‘ಎಂತಹ ಕೆಲಸ ಮಾಡುವ ಆಸೆ?’ ಎಂದು ಕೇಳಬೇಕು. ವಿದೇಶದ ಅನುಭವಕ್ಕೆ ಮೂರು ದಾರಿಗಳಿವೆ: ಪೂರ್ಣ ಪದವಿ, ಒಂದು ಸೆಮಿಸ್ಟರಿನ ವಿನಿಮಯ ವ್ಯಾಸಂಗ, ಎರಡು ಮೂರು ತಿಂಗಳ ಸಂಶೋಧನಾ ಇಂಟರ್ನ್‌ಶಿಪ್. ನಮ್ಮಲ್ಲಿ ಹೆಚ್ಚಿನವರಿಗೆ ಮೊದಲನೆಯದು ಮಾತ್ರ ಗೊತ್ತು. ಕಡಿಮೆ ಖರ್ಚಿನಲ್ಲಿ ಆಗುವ ಉಳಿದೆರಡು, ಅರ್ಜಿಯ ಅವಧಿ ಮುಗಿದ ಮೇಲೆ ಕಿವಿಗೆ ಬೀಳುತ್ತವೆ.

ವಿಜ್ಞಾನ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆಯಾದ ಡಿಎಎಡಿಯ ‘ವೈಸ್’ ಇಂಟರ್ನ್‌ಶಿಪ್ ವಿದ್ಯಾರ್ಥಿವೇತನವಿದೆ. ಕೆನಡಾದ ವಿಶ್ವವಿದ್ಯಾಲಯಗಳಲ್ಲಿ 12 ವಾರ ಸಂಶೋಧನೆ ಮಾಡಲು ಮೈಟ್ಯಾಕ್ಸ್ ಸಂಸ್ಥೆಯ ಗ್ಲೋಬಲಿಂಕ್ ಕಾರ್ಯಕ್ರಮವಿದೆ. ವೈಸ್‌ಗೆ ಯಾವ ಸಂಸ್ಥೆಗಳ ವಿದ್ಯಾರ್ಥಿಗಳು ಅರ್ಹರು ಎಂಬ ಪಟ್ಟಿ ಇರುವುದರಿಂದ ಮೊದಲು ಅದನ್ನು ನೋಡಿಕೊಳ್ಳಬೇಕು. ಮುಂದಿನ ವರ್ಷ ಹೋಗಬೇಕಾದ ಇಂತಹ ಇಂಟರ್ನ್‌ಶಿಪ್‌ಗಳಿಗೆ ಈ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೇ ಅರ್ಜಿ ಸಿದ್ಧವಿರಬೇಕು.

ವಿನಿಮಯ ವ್ಯಾಸಂಗಕ್ಕೆ ಹೋಗುವವರ ವಿಷಯದಲ್ಲಿ ಅಧ್ಯಾಪಕರು ಒಂದು ಕೆಲಸವನ್ನು ತಪ್ಪದೆ ಮಾಡಿಸಬೇಕು. ಅಲ್ಲಿನ ಯಾವ ವಿಷಯ ಇಲ್ಲಿನ ಯಾವ ವಿಷಯಕ್ಕೆ ಸಮ, ಎಷ್ಟು ಕ್ರೆಡಿಟ್ ಎಂಬುದನ್ನು ವಿದ್ಯಾರ್ಥಿ ವಿಮಾನ ಹತ್ತುವ ಮೊದಲೇ ಬರಹದಲ್ಲಿ ಒಪ್ಪಿಸಿಕೊಳ್ಳಬೇಕು. ಬಾಯಿಮಾತಿನ ಒಪ್ಪಿಗೆಯನ್ನು ನಂಬಿ ಹೋದವರು ಮರಳಿ ಬಂದು ಅದೇ ಪರೀಕ್ಷೆಯನ್ನು ಕಿರಿಯರ ಜೊತೆ ಕುಳಿತು ಬರೆದದ್ದುಂಟು.

ಪೂರ್ಣ ಪದವಿಗೆ ಹೋಗುವವರು ಇನ್ನೊಂದನ್ನು ಗಮನಿಸಬೇಕು. 2024–25ರಿಂದ ರಾಜ್ಯದಲ್ಲಿ ಸಾಮಾನ್ಯ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಸ್ನಾತಕೋತ್ತರ ಪ್ರವೇಶಕ್ಕೆ 16 ವರ್ಷಗಳ ಶಿಕ್ಷಣವನ್ನು ಕೇಳುವುದರಿಂದ (ಪಿಯುಸಿವರೆಗಿನ 12, ಪದವಿಯ 3 ಸೇರಿ ನಮ್ಮದು 15), ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ವಿದ್ಯಾರ್ಥಿಗಳು ಅರ್ಜಿ ಶುಲ್ಕ ಕಟ್ಟುವ ಮುನ್ನವೇ ಈ ನಿಯಮವನ್ನು ನೋಡಿಕೊಳ್ಳುವುದು ಒಳ್ಳೆಯದು.

ಅನುಭವ ಊರಲ್ಲೇ ಇದೆ

ಎರಡನೆಯ ವರ್ಷದ ರಜೆಯಲ್ಲಿ ಒಂದು ನಿಜವಾದ ಕೆಲಸ ಆಗಬೇಕು. ನಿಜವಾದ ಎಂದೆನೇಕೆಂದರೆ, ಹಣ ಕೊಟ್ಟು ಸರ್ಟಿಫಿಕೇಟ್ ಕೊಳ್ಳುವ ಆನ್‌ಲೈನ್ ಇಂಟರ್ನ್‌ಶಿಪ್‌ಗಳು ಈಗ ಧಾರಾಳವಾಗಿವೆ, ಪ್ರವೇಶ ಸಮಿತಿಗಳು ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೆಂದೇ ನನ್ನ ಅಭಿಪ್ರಾಯ. ವಿಜ್ಞಾನದವರಿಗೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಎರಡು ತಿಂಗಳ ಬೇಸಗೆ ಸಂಶೋಧನಾ ಫೆಲೋಶಿಪ್ ಇದೆ. ಹತ್ತಿರದಲ್ಲೇ ಮಂಗಳೂರಿನ ಮೀನುಗಾರಿಕಾ ಕಾಲೇಜು, ವಿಟ್ಲದಲ್ಲಿರುವ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ಪ್ರಾದೇಶಿಕ ಕೇಂದ್ರ, ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯಗಳಿವೆ. ಪಣಂಬೂರಿನಲ್ಲಿ ಬಂದರಿದೆ, ಮಲ್ಪೆಯಲ್ಲಿ ಮೀನುಗಾರಿಕಾ ಬಂದರಿದೆ.

ನಮ್ಮ ಬಿ.ಕಾಂ. ವಿದ್ಯಾರ್ಥಿನಿಯೊಬ್ಬಳು ಆರು ವಾರ ಮಲ್ಪೆಯ ಐಸ್ ಪ್ಲಾಂಟೊಂದರ ಲೆಕ್ಕ ಬರೆದಳು. ಇಂಗ್ಲಿಷಿನ ದೊಡ್ಡ ಹೆಸರಿನ ಕಂಪನಿ ಅಲ್ಲವಲ್ಲ ಎಂಬ ಬೇಸರ ಮೊದಲಿಗೆ ಅವಳಿಗೂ ಇತ್ತು, ಅವಳ ಅಪ್ಪನಿಗಂತೂ ಹೆಚ್ಚೇ ಇತ್ತು. ದಿನಕ್ಕೆ ಅರ್ಧ ಪುಟ ಡೈರಿ ಬರೆಯಲೇಬೇಕು ಎಂಬ ಷರತ್ತಿನ ಮೇಲೆ ಕಳುಹಿಸಿದ್ದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ 61 ದಿನಗಳಲ್ಲಿ ಬೋಟುಗಳು ದಡದಲ್ಲಿರುತ್ತವೆ, ಐಸ್ ಕೊಳ್ಳುವವರು ಕಡಿಮೆ. ಆದರೆ ವಿದ್ಯುತ್ತಿನ ನಿಗದಿತ ಶುಲ್ಕ, ಸಾಲದ ಕಂತು, ಕಾವಲುಗಾರನ ಸಂಬಳ ನಿಲ್ಲುವುದಿಲ್ಲ. ಆ ಎರಡು ತಿಂಗಳ ಖರ್ಚನ್ನು ಉಳಿದ ಹತ್ತು ತಿಂಗಳ ಐಸಿನ ಬೆಲೆಯೊಳಗೆ ಮಾಲಕರು ಹೇಗೆ ಸೇರಿಸುತ್ತಾರೆ ಎಂದು ಅವಳು ಬರೆದುಕೊಂಡಿದ್ದ ಒಂದೂವರೆ ಪುಟವೇ ಮುಂದೆ ಸಪ್ಲೈ ಚೈನ್ (ಸರಕು ಪೂರೈಕೆ ಸರಪಳಿ) ಸ್ನಾತಕೋತ್ತರ ಕೋರ್ಸಿನ ಅರ್ಜಿಯಲ್ಲಿ, ಈ ಕೋರ್ಸೇ ಏಕೆ ಎಂದು ವಿವರಿಸುವ ಉದ್ದೇಶಪತ್ರಕ್ಕೆ ಬೆನ್ನೆಲುಬಾಯಿತು. ಅಂತರ್ಜಾಲದಿಂದ ನಕಲು ಮಾಡಿದ ಯಾವ ಉದ್ದೇಶಪತ್ರದಲ್ಲೂ ಇಂತಹ ಒಂದು ಪ್ಯಾರಾ ಸಿಗದು.

ಶಿಫಾರಸು ಪತ್ರ

‘ನೀನೇ ಬರೆದು ತಾ, ಸಹಿ ಹಾಕುತ್ತೇನೆ’ ಎನ್ನುವ ಪದ್ಧತಿಯನ್ನು ಅಧ್ಯಾಪಕರಾದ ನಾವು ಮೊದಲು ಬಿಡಬೇಕು. ಒಬ್ಬನೇ ವಿದ್ಯಾರ್ಥಿ ಬರೆದ ಮೂರು ಪತ್ರಗಳು ಒಂದೇ ಧಾಟಿಯಲ್ಲಿದ್ದರೆ ಓದುವವರಿಗೆ ಗೊತ್ತಾಗದೆ ಇರುವುದಿಲ್ಲ. ‘ಈತ ಪ್ರಾಮಾಣಿಕ, ಶಿಸ್ತಿನ ಹುಡುಗ, ತರಗತಿಯ ಉತ್ತಮ ವಿದ್ಯಾರ್ಥಿಗಳಲ್ಲಿ ಒಬ್ಬ’ ಎಂಬ ವಾಕ್ಯ ಯಾರಿಗೆ ಬೇಕಾದರೂ ಹೊಂದುತ್ತದೆ, ಆದ್ದರಿಂದಲೇ ಯಾರಿಗೂ ಉಪಯೋಗವಿಲ್ಲ. ಅದರ ಬದಲು, ‘ಉಳ್ಳಾಲದ ಅಳಿವೆಬಾಗಿಲಲ್ಲಿ ನೀರಿನ ಉಪ್ಪಿನಂಶ ಅಳೆಯುವ ಪ್ರಾಜೆಕ್ಟಿನಲ್ಲಿ ಮೊದಲ ವಾರದ ಅಂಕಿಗಳು ಹೊಂದದಿದ್ದಾಗ, ಭರತ–ಇಳಿತದ ವೇಳಾಪಟ್ಟಿಯನ್ನು ತಾನಾಗಿ ಹುಡುಕಿ ತಂದು, ಮಾದರಿ ಸಂಗ್ರಹಿಸುವ ಸಮಯವನ್ನೇ ಬದಲಿಸಿದ’ ಎಂದು ಬರೆದರೆ ಆ ಹುಡುಗ ಕಣ್ಣೆದುರು ಬರುತ್ತಾನೆ.

ಇದಕ್ಕೆ ಕನಿಷ್ಠ ಆರು ವಾರಗಳ ಸಮಯ ಬೇಕು. ಪತ್ರ ಕೇಳಲು ಬಂದವರಿಗೆ ನಾನು ಒಂದು ಹಾಳೆ ಕೊಡುತ್ತೇನೆ: ನನ್ನ ತರಗತಿಯಲ್ಲಿ ಮಾಡಿದ ಯಾವ ಕೆಲಸ ನಿನಗೆ ನೆನಪಿದೆ, ಎಲ್ಲಿ ಎಡವಿದೆ, ಅದನ್ನು ಹೇಗೆ ಸರಿಪಡಿಸಿದೆ. ಎಡವಿದ್ದನ್ನು ಬರೆಯಲು ಮಕ್ಕಳು ಹಿಂಜರಿಯುತ್ತಾರೆ, ಒಳ್ಳೆಯ ಪತ್ರ ಹುಟ್ಟುವುದು ಮಾತ್ರ ಬಹುತೇಕ ಅಲ್ಲಿಂದಲೇ.

ಹೆಸರಿನ ಗೋಜಲು

ನಮ್ಮ ಜಿಲ್ಲೆಗಳ ವಿದ್ಯಾರ್ಥಿಗಳು ಅತಿ ಹೆಚ್ಚು ಒದ್ದಾಡುವುದು ಹೆಸರಿನ ವಿಷಯದಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು ಮತ್ತು ಒಂದು ಇನಿಶಿಯಲ್. ಆಧಾರ್‌ನಲ್ಲಿ ಕುಲನಾಮ ಸೇರಿದ ಹೆಸರು. ಪಾಸ್‌ಪೋರ್ಟ್‌ನಲ್ಲಿ ಇನಿಶಿಯಲ್ ಬಿಡಿಸಿದ ಪೂರ್ಣ ರೂಪ. ಆ ‘ಕೆ’ ತಂದೆಯ ಹೆಸರೋ, ಊರಿನ ಹೆಸರೋ, ಮನೆಯ ಹೆಸರೋ ಎಂಬುದು ಕೆಲವೊಮ್ಮೆ ಮನೆಯವರಿಗೇ ಖಚಿತವಿರುವುದಿಲ್ಲ. ನನ್ನ ವಿದ್ಯಾರ್ಥಿಯೊಬ್ಬನ ಅಂಕಪಟ್ಟಿಗೂ ಪಾಸ್‌ಪೋರ್ಟ್‌ಗೂ ಒಂದು ಅಕ್ಷರ ಹೊಂದದೆ, ತಿದ್ದುಪಡಿ ಮುಗಿಯುವಷ್ಟರಲ್ಲಿ ಪ್ರವೇಶದ ಅವಧಿ ಕಳೆದು ಅವನು ಒಂದು ಸೆಮಿಸ್ಟರ್ ಕಾಯಬೇಕಾಯಿತು. ಅಂಕಪಟ್ಟಿಯನ್ನು ಮೊದಲ ವರ್ಷದಲ್ಲೇ ನೋಡಿದ್ದರೆ ತಪ್ಪಿಸಬಹುದಿತ್ತು, ನಾನು ನೋಡಿರಲಿಲ್ಲ.

ಆದ್ದರಿಂದ ಪ್ರವೇಶದ ವರ್ಷವೇ ಎಲ್ಲ ದಾಖಲೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ, ಹೆಸರಿನ ಕಾಗುಣಿತ, ತಂದೆ ತಾಯಿಯ ಹೆಸರು, ಜನ್ಮದಿನಾಂಕಗಳನ್ನು ಹೋಲಿಸಿ ನೋಡಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ತಿದ್ದುಪಡಿಗೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕವೇ ಅರ್ಜಿ ಹೋಗಬೇಕು. ಪಾಸ್‌ಪೋರ್ಟನ್ನು ಅಂಕಪಟ್ಟಿ ಸರಿಯಾದ ಮೇಲೆ ಮಾಡಿಸಿದರೆ ಎರಡು ಸಲ ಅಲೆಯುವುದು ತಪ್ಪುತ್ತದೆ. 36 ಪುಟಗಳ ಸಾಮಾನ್ಯ ಪಾಸ್‌ಪೋರ್ಟ್‌ನ ಶುಲ್ಕ 1,500 ರೂಪಾಯಿ.

ಜರ್ಮನಿಗೆ ಹೋಗುವವರು ವೀಸಾಕ್ಕೆ ಮುನ್ನ ಎಪಿಎಸ್ ಪ್ರಮಾಣಪತ್ರ ಪಡೆಯಬೇಕು. ಅಂಕಪಟ್ಟಿ, ಪದವಿಗಳು ಅಸಲಿಯೇ ಎಂದು ಪರಿಶೀಲಿಸುವ ಈ ವ್ಯವಸ್ಥೆ 2022ರ ನವೆಂಬರ್ 1ರಿಂದ ಭಾರತದ ವಿದ್ಯಾರ್ಥಿಗಳಿಗೆ ಕಡ್ಡಾಯವಾಗಿದೆ. ಇಂಗ್ಲಿಷ್ ಭಾಷಾ ಪರೀಕ್ಷೆಯಾದ ಐಇಎಲ್‌ಟಿಎಸ್‌ನ ಅಂಕಗಳಿಗೆ ಎರಡೇ ವರ್ಷ ಮಾನ್ಯತೆ ಇರುವುದರಿಂದ ಅದನ್ನು ಮಾತ್ರ ತೀರಾ ಬೇಗ ಬರೆಯುವುದು ಬೇಡ.

ಹಣದ ಲೆಕ್ಕ

ಜರ್ಮನಿಯ ಹೆಚ್ಚಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬುದನ್ನು ಕೇಳಿ ಪೋಷಕರು ನಿರಾಳರಾಗುತ್ತಾರೆ. ಆದರೆ ಬಾಡೆನ್–ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಶುಲ್ಕವಿದೆ. ಎಲ್ಲಿಯೇ ಓದಲಿ, ಜೀವನವೆಚ್ಚಕ್ಕೆಂದು ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಎಂದು ಹಣ ತೆಗೆಯಬಹುದಾದ ಖಾತೆ) ವರ್ಷಕ್ಕೆ 11,904 ಯೂರೊ ತೋರಿಸಬೇಕೆಂಬ ನಿಯಮ 2024ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಅದರಿಂದ ತಿಂಗಳಿಗೆ 992 ಯೂರೊ ಮಾತ್ರ ಕೈಗೆ ಬರುತ್ತದೆ.

ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕ್‌ಗಳು ಹುಟ್ಟಿದ ನೆಲ ನಮ್ಮದು. ಅವುಗಳಲ್ಲಿ ಮೂರು ಈಗ ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿವೆ ಎಂಬುದು ಬೇರೆ ಮಾತು. ಆದರೂ ಸಾಲದ ವಿಷಯದಲ್ಲಿ ಮನೆಯವರು ಎಡವುವುದು ಬಡ್ಡಿಯ ದರದಲ್ಲಲ್ಲ, ಅಡಮಾನದಲ್ಲಿ. ಸಾಮಾನ್ಯವಾಗಿ 7.5 ಲಕ್ಷ ರೂಪಾಯಿಗಿಂತ ಹೆಚ್ಚಿನ ಶಿಕ್ಷಣ ಸಾಲಕ್ಕೆ ಆಸ್ತಿಯ ಭದ್ರತೆ ಕೇಳುತ್ತಾರೆ. ಜಾಗವಿದೆ, ಆದರೆ ಕುಟುಂಬದಲ್ಲಿ ಪಾಲಾಗಿಲ್ಲ; ಪಹಣಿಯಲ್ಲಿ ಇನ್ನೂ ಅಜ್ಜಿಯ ಹೆಸರಿದೆ; ಮುಂಬಯಿಯಲ್ಲಿರುವ ಮಾವಂದಿರ ಸಹಿಯಾಗಬೇಕು. ಇದು ವಾರದಲ್ಲಿ ಮುಗಿಯುವ ಕೆಲಸವಲ್ಲವಾದ್ದರಿಂದ ಪ್ರವೇಶಪತ್ರ ಕೈಸೇರುವವರೆಗೆ ಕಾಯದೆ ಒಂದು ವರ್ಷ ಮೊದಲೇ ಬ್ಯಾಂಕಿನ ವಕೀಲರಿಗೆ ಕಾಗದ ತೋರಿಸಬೇಕು.

ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳಿಗೆ ವಿದೇಶ ವ್ಯಾಸಂಗಕ್ಕೆ ನೆರವಾಗುವ ರಾಜ್ಯ ಸರಕಾರದ ‘ಪ್ರಬುದ್ಧ’ ಯೋಜನೆಯಿದೆ, ಪರಿಶಿಷ್ಟ ಜಾತಿಯವರಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವೂ ಇದೆ. ಯುರೋಪಿನ ಎರಡು ಮೂರು ದೇಶಗಳಲ್ಲಿ ಓದಿಸುವ ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನ ತಿಂಗಳಿಗೆ 1,400 ಯೂರೊ ಕೊಡುತ್ತದೆ. ಬ್ರಿಟನ್ನಿನ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಎರಡು ವರ್ಷ, ಅಮೆರಿಕದಲ್ಲಿ ಓದಲು ನೆರವಾಗುವ ಫುಲ್‌ಬ್ರೈಟ್–ನೆಹರೂ ಸ್ನಾತಕೋತ್ತರ ಫೆಲೋಶಿಪ್‌ಗೆ ಮೂರು ವರ್ಷ ಕೆಲಸದ ಅನುಭವ ಬೇಕು. ಪದವಿ ಮುಗಿದ ಕೂಡಲೇ ಹೊರಡದವನು ಹಿಂದೆ ಬಿದ್ದ ಎಂದು ಕೊರಗುವ ಪೋಷಕರಿಗೆ ನಾನು ಈ ಎರಡು ನಿಯಮಗಳನ್ನೇ ತೋರಿಸುತ್ತೇನೆ.

ಕನ್ಸಲ್ಟೆನ್ಸಿಗಳ ಬಗ್ಗೆ ಒಂದೇ ಮಾತು: ಅವರಿಗೆ ವಿದೇಶಿ ಸಂಸ್ಥೆಗಳಿಂದ ಕಮಿಷನ್ ಸಿಗುವುದುಂಟು, ಆದ್ದರಿಂದ ಅವರ ಪಟ್ಟಿಯಲ್ಲಿ ಇಲ್ಲದ ವಿಶ್ವವಿದ್ಯಾಲಯಗಳನ್ನು ವಿದ್ಯಾರ್ಥಿ ತಾನೇ ಹುಡುಕಿಕೊಳ್ಳಬೇಕು.

ಹೋಗಿ ಬಂದವರು

ವಿದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳು ರಜೆಗೆ ಊರಿಗೆ ಬಂದಾಗ ಒಂದು ಶನಿವಾರ ಕಾಲೇಜಿಗೆ ಕರೆಸಿ, ಎರಡನೆಯ ವರ್ಷದವರ ಜೊತೆ ಕೂರಿಸುವುದು ಖರ್ಚಿಲ್ಲದ ಕೆಲಸ. ಫೋಟೊಗಳ ಸ್ಲೈಡ್ ತರಬೇಡಿ, ಮೊದಲ ತಿಂಗಳ ಖರ್ಚಿನ ಪಟ್ಟಿ ತನ್ನಿ ಎಂದು ಮೊದಲೇ ಹೇಳಿಬಿಡುತ್ತೇನೆ. ಕಳೆದ ಸಲ ಬಂದವನು ತಂದ ಪಟ್ಟಿಯಲ್ಲಿ ಕೋಣೆಯ ಮುಂಗಡ, ಆರೋಗ್ಯ ವಿಮೆ, ಚಳಿಯ ಕೋಟುಗಳ ಕೆಳಗೆ ‘ಕುಚ್ಚಲಕ್ಕಿ, ಒಂದು ಕಿಲೋ’ ಎಂದಿತ್ತು. ಅದರ ಮುಂದಿನ ಬೆಲೆಯನ್ನು ಎರಡು ಸಲ ಓದಿಸಿದರು ಹುಡುಗರು.