16 ಮಂಚದ ಹಾಲ್‌ಗೆ 12 ಬಾಗಿಲು

ಜಗಳೂರು ಕಡೆಯ ಅಜ್ಜಿಯೊಬ್ಬರು ನಮ್ಮ ವೃದ್ಧಾಶ್ರಮದಲ್ಲಿದ್ದರು. ಮಂಚದ ಕೆಳಗೆ ತಗಡಿನ ಟ್ರಂಕು, ಅದರ ಕೀಲಿ ಸದಾ ಸೊಂಟದಲ್ಲಿ. ಸ್ನಾನಕ್ಕೆ ಹೋದರೂ ಕೀಲಿ ಜೊತೆಗೇ. "ಇಲ್ಲಿ ಯಾರೂ ಮುಟ್ಟಲ್ಲ ಅಜ್ಜಿ" ಅಂತ ಎಷ್ಟೋ ಸಲ ಹೇಳಿದ್ದೆ. ಅವರದ್ದು ಒಂದೇ ಉತ್ತರ: "ಮುಟ್ಟೋದಿಲ್ಲ ತಂಗಿ, ನೋಡ್ತಾರಲ್ಲ."

ದಾವಣಗೆರೆಯಲ್ಲಿ ನಾವು ನಡೆಸುವ ಈ ಮಹಿಳೆಯರ ವೃದ್ಧಾಶ್ರಮ ಮೊದಲು ಹತ್ತಿ ಗೋದಾಮಾಗಿತ್ತು. ಊರಿನ ಗಿರಣಿಗಳು ಜೋರಾಗಿದ್ದ ಕಾಲದ ಕಟ್ಟಡ. ದಪ್ಪ ಗೋಡೆ, ಎತ್ತರದ ಹೆಂಚಿನ ಮಾಡು, 60 ಅಡಿ ಉದ್ದ, 24 ಅಡಿ ಅಗಲದ ಒಂದೇ ಹಾಲ್. ಎರಡು ಸಾಲಲ್ಲಿ 16 ಮಂಚ. ಒಬ್ಬರ ಡಯಾಪರ್ ಬದಲಿಸಿದರೆ ಉಳಿದ 15 ಜನಕ್ಕೂ ಗೊತ್ತಾಗುತ್ತಿತ್ತು. ಬಟ್ಟೆ ಪರದೆ ಕಟ್ಟಿದ್ದೆವು. ವಾಸನೆಗೆ ಯಾವ ಪರದೆ?

ಕೋವಿಡ್ ಹೊತ್ತಿನಲ್ಲಿ ಒಬ್ಬರಿಗೆ ಕೆಮ್ಮು ಶುರುವಾಗಿ ವಾರದೊಳಗೆ ಅರ್ಧ ಹಾಲ್ ಮಲಗಿತು. ಕೆನಡಾದ ಒಂಟಾರಿಯೋದಲ್ಲೂ ಒಂದೇ ಕೋಣೆಯಲ್ಲಿ ಹೆಚ್ಚು ಜನ ಇದ್ದ ಆಶ್ರಮಗಳಲ್ಲೇ ಸೋಂಕು, ಸಾವು ಜಾಸ್ತಿ ಇತ್ತು ಅಂತ ಆಮೇಲೆ ಓದಿದೆ. ಆದರೂ ನನ್ನ ತಲೆಯಲ್ಲಿ ಕೂತಿದ್ದು ಅಜ್ಜಿಯ ಆ ಮಾತೇ.

ಹಾಲ್ ಒಡೆದು ಕೋಣೆ ಮಾಡೋದು ಅಂತ ತೀರ್ಮಾನಿಸಿದೆ. ಅದರ ಎರಡೂ ಬದಿಗೆ ಆರಾರು ಕಿಟಕಿ ಇದ್ದವು. ಕೋಣೆಗೊಂದು ಕಿಟಕಿ ಸಿಗಲೇಬೇಕು ಅಂತ ಹಟ ಹಿಡಿದೆ. ಹಾಗಾಗಿ ನಡುವೆ 5 ಅಡಿ ಓಣಿ, ಅತ್ತಿತ್ತ ಹೆಚ್ಚುಕಡಿಮೆ 9 ಅಡಿ ಚೌಕದ 12 ಕೋಣೆ. ರಾತ್ರಿ ಆಯಾಗೆ ಒಂದು, ಹುಷಾರಿಲ್ಲದವರಿಗೆ ಒಂದು. ಉಳಿದಿದ್ದು ಹತ್ತು. ಒಂದರಲ್ಲಿ ಇಬ್ಬರು ವಾರಗಿತ್ತಿಯರು. ಬೇರೆ ಮಾಡಿದರೆ ಊಟ ಬಿಡ್ತೀವಿ ಅಂದರು. ಅಂದರೆ 16 ಜನರ ಜಾಗದಲ್ಲಿ 11.

ಐದು ಜನರನ್ನು ಎಲ್ಲಿಗೆ ಕಳಿಸೋದು? ಯಾರನ್ನೂ ಕಳಿಸಲಿಲ್ಲ. ಹೊಸಬರನ್ನು ಸೇರಿಸಿಕೊಳ್ಳುವುದು ನಿಲ್ಲಿಸಿದೆವು. ತೀರಿಕೊಂಡವರ ಮಂಚ ಎತ್ತಿಟ್ಟೆವು. ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ಬಾಗಿಲಿಗೆ ಬಂದವರಿಗೆ 'ಜಾಗ ಇಲ್ಲ' ಅಂದಿದ್ದೇನೆ. ಅದರಲ್ಲಿ ಇಬ್ಬರ ಮುಖ ಈಗಲೂ ಕಣ್ಣಿಗೆ ಬರುತ್ತದೆ.

ದಾನಿಗಳಿಗೆ ಇದು ಅರ್ಥವಾಗಲಿಲ್ಲ. "ಮೊದಲು 16 ಇದ್ರು, ಈಗ 11. ದುಡ್ಡು ಕೊಟ್ಟು ಜನ ಕಮ್ಮಿ ಮಾಡೋದಾ?" ಅಂದರು ಒಬ್ಬರು. ಅವರನ್ನೂ ಬೈಯುವಂತಿಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆಯ 19ನೇ ಕಲಮಿನಲ್ಲೂ ಜಿಲ್ಲೆಯ ವೃದ್ಧಾಶ್ರಮಕ್ಕೆ ಕನಿಷ್ಠ 150 ಜನ ಅಂತ ತಲೆ ಲೆಕ್ಕವೇ ಇರೋದು. ಕೊನೆಗೆ 5 ಲಕ್ಷ ಚಿಲ್ಲರೆ ಖರ್ಚಾಯಿತು. ಅರ್ಧ ಸಾಲ.

ಮೊದಲು ಒಂದು ಕೋಣೆಗೆ ಪ್ಲೈವುಡ್ ಹಾಕಿ ನೋಡಿದೆವು. ಬೇಗ ಮುಗಿಯಿತು, ಆದರೆ ಗೋಡೆಗೆ ಹಾಕಿದ ಹಿಡಿಕೆ ಅಜ್ಜಿಯರ ಭಾರಕ್ಕೆ ಹದಿನೈದು ದಿನದಲ್ಲಿ ಕಿತ್ತು ಬಂತು. ಹಿಡಿಕೆ ಬೇಕಾದರೆ ಇಟ್ಟಿಗೆಯೇ ಸರಿ. ಗೋಡೆ 7 ಅಡಿಗೆ ನಿಲ್ಲಿಸಿ, ಮೇಲೆ ಜಾಲರಿ ಬಿಟ್ಟೆವು. ಏಪ್ರಿಲ್‌ನ ನಮ್ಮೂರ ಸೆಕೆಗೆ ಗಾಳಿ ಆಡಬೇಕಲ್ಲ. ಗೊರಕೆ ಕೇಳುತ್ತೆ, ಅದು ನಿಜ.

ಬಡಗಿ ಬಾಗಿಲಿಗೆ ಎರಡೂವರೆ ಅಡಿ ಸಾಕು ಅಂದರು. ಗಾಲಿಕುರ್ಚಿ ತಂದು ಕೂತು, ಅವರ ಕೈಲೇ ತಳ್ಳಿಸಿ ತೋರಿಸಿದೆ. ನನ್ನ ಬೆರಳು ತರಚಿತು, ಬಾಗಿಲು 3 ಅಡಿಯಾಯಿತು. ಶೌಚಾಲಯ ಮಾತ್ರ ಕೋಣೆಗೊಂದು ಕೊಡಲಾಗಲಿಲ್ಲ. ಓಣಿಯ ಕೊನೆಯಲ್ಲಿ ಮೂರಿವೆ. ರಾತ್ರಿ ಪದೇ ಪದೇ ಏಳುವವರಿಗೆ ಹತ್ತಿರದ ಕೋಣೆ.

ದೊಡ್ಡ ತಪ್ಪು ಮಾಡಿದ್ದು ಚಿಲಕದಲ್ಲಿ. ಒಳಗೆ ಮಾಮೂಲಿ ಅಗುಳಿ ಹಾಕಿಸಿದ್ದೆ. ಮೊದಲ ತಿಂಗಳಲ್ಲೇ ಒಬ್ಬರು ಬೆಳಗಿನ ಜಾವ ಒಳಗೆ ಬಿದ್ದರು. ಹಾರೆಯಿಂದ ಬಾಗಿಲು ಮೀಟಲು ಇಪ್ಪತ್ತು ನಿಮಿಷ. ಒಳಗಿಂದ ನರಳುವ ಸದ್ದು, ಹೊರಗೆ ನಾವು. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ. ಅಗುಳಿಯನ್ನೇ ತೆಗೆಸಿಬಿಡಿ ಅಂದರು ನಮ್ಮ ಸಿಬ್ಬಂದಿ. ತೆಗೆಸಲಿಲ್ಲ. ಹೊರಗಿನಿಂದ ನಾಣ್ಯ ಇಟ್ಟು ತಿರುಗಿಸಿದರೆ ತೆರೆಯುವ ಚಿಲಕ ಹಾಕಿಸಿದೆ. ಕರೆಗಂಟೆಯೂ ಬ್ಯಾಟರಿಯದ್ದು, ಕರೆಂಟ್ ನಂಬೋ ಹಾಗಿಲ್ಲ.

ಆಯಾಗಳ ದೂರು ಬೇರೆ. ಮೊದಲು ಮೂಲೆಯಲ್ಲಿ ಕೂತರೆ 16 ಜನ ಕಾಣುತ್ತಿದ್ದರು, ಈಗ ಬಾಗಿಲು ಬಾಗಿಲು ತಿರುಗಬೇಕು. ಬಾಗಿಲಿಗೆ ಗಾಜು ಹಾಕಿಸಿ ಅಂದರು, ಒಪ್ಪಲಿಲ್ಲ. ರಾತ್ರಿಗೆ ಇನ್ನೊಬ್ಬರನ್ನು ಇಟ್ಟುಕೊಂಡೆವು. ಎಲ್ಲಕ್ಕಿಂತ ಕಷ್ಟವಾಗಿದ್ದು ಬಾಗಿಲು ತಟ್ಟಿ ಒಳಗೆ ಹೋಗಿ ಅಂತ ಕಲಿಸುವುದು. ನಾನೇ ಎಷ್ಟೋ ಸಲ ಸೀದಾ ನುಗ್ಗಿದ್ದೇನೆ.

ಎಲ್ಲರಿಗೂ ಇದು ಹಿಡಿಸಿತು ಅಂತಿಲ್ಲ. ಹರೆಯದಲ್ಲಿ ಹತ್ತಿ ಗಿರಣಿಯ ಸದ್ದಿನಲ್ಲೇ ದುಡಿದ ಒಬ್ಬರು, ಒಬ್ಬಳೇ ಇದ್ದರೆ ನಿದ್ದೆ ಹತ್ತಲ್ಲ ಅಂತ ಓಣಿಯಲ್ಲೇ ಚಾಪೆ ಹಾಸುತ್ತಾರೆ. ಹಾಸಲಿ. ಸಂಜೆ ಮಂಡಕ್ಕಿ ಕಲಸಿದಾಗ ಎಲ್ಲರೂ ಸೇರೋದು ಅದೇ ಓಣಿಯಲ್ಲಿ.

ಜಗಳೂರಿನ ಅಜ್ಜಿ ಕೋಣೆಗೆ ಹೋದ ಮೂರನೇ ವಾರ. ಮಾತ್ರೆ ಹಿಡಿದು ಬಾಗಿಲು ತಟ್ಟಿದೆ. "ನಿಂದ್ರು ತಂಗಿ, ಸೀರೆ ಉಡ್ತಿದೀನಿ." ನಿಂತೆ. ಐದು ನಿಮಿಷ ನಿಲ್ಲಿಸಿದರು. ಒಳಗೆ ಹೋದಾಗ ಟ್ರಂಕಿನ ಮುಚ್ಚಳ ಹಾರು ಹೊಡೆದಿತ್ತು, ಕೀಲಿ ಕಿಟಕಿಯ ಮೇಲೆ ಬಿದ್ದಿತ್ತು.