ಸ್ಕೂಟರ್ ಕಾರ್ಬೊರೇಟರ್‌ನ ಮೇನ್ ಜೆಟ್ ಬದಲಾಯಿಸುವುದು ಹೇಗೆ

ಬೇರೆ ಸೈಲೆನ್ಸರ್ ಅಥವಾ ಬೇರೆ ಏರ್ ಫಿಲ್ಟರ್ ಹಾಕಿದ ಮೇಲೆ ಸ್ಕೂಟರ್ ಫುಲ್ ಆಕ್ಸಿಲರೇಟರ್‌ನಲ್ಲಿ ಎಳೆಯದೆ ಮುಗ್ಗರಿಸುತ್ತಿದೆಯಾ? ಗಾಳಿ ಮೊದಲಿಗಿಂತ ಜಾಸ್ತಿ ಹೋಗುತ್ತಿದೆ, ಪೆಟ್ರೋಲ್ ಮಾತ್ರ ಹಳೆಯಷ್ಟೇ ಬರುತ್ತಿದೆ. ಆಗ ಮೇನ್ ಜೆಟ್, ಅಂದರೆ ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ರಂಧ್ರದ ತುಂಡು, ದೊಡ್ಡದು ಬೇಕಾಗುತ್ತದೆ.

ಆದರೆ ತೊಂದರೆ ಎಲ್ಲಿದೆ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಐಡ್ಲಿಂಗ್ ಸ್ಥಿರವಾಗಿ ನಿಲ್ಲುತ್ತಿಲ್ಲ, ಆಕ್ಸಿಲರೇಟರ್ ಸ್ವಲ್ಪ ತಿರುಗಿಸಿದರೆ ಆಫ್ ಆಗುತ್ತದೆ ಅಂದರೆ ಅದು ಪೈಲಟ್ ಜೆಟ್‌ನ (ಐಡ್ಲಿಂಗ್‌ಗೆ ಪೆಟ್ರೋಲ್ ಕೊಡುವ ಸಣ್ಣ ಜೆಟ್) ಕೆಲಸ. ಆಕ್ಸಿಲರೇಟರ್ ಮಧ್ಯದಲ್ಲಿದ್ದಾಗ ಮುಗ್ಗರಿಸಿದರೆ ನೀಡಲ್ (ಆಗ ಪೆಟ್ರೋಲ್ ಅಳೆಯುವ ಸೂಜಿ) ನೋಡಬೇಕು. ಮೇನ್ ಜೆಟ್ ಮುಖ್ಯವಾಗುವುದು ಆಕ್ಸಿಲರೇಟರ್ ಮುಕ್ಕಾಲಿನಿಂದ ಫುಲ್‌ವರೆಗೆ ತಿರುಗಿಸಿದಾಗ ಮಾತ್ರ. ಇನ್ನೊಂದು ವಿಷಯ, ಕಾರ್ಬೊರೇಟರ್‌ಗೂ ಎಂಜಿನ್‌ಗೂ ನಡುವಿನ ರಬ್ಬರ್ ಬಿರುಕು ಬಿಟ್ಟು ಗಾಳಿ ಎಳೆಯುತ್ತಿದ್ದರೂ ಇದೇ ಲಕ್ಷಣ ಕಾಣುತ್ತದೆ, ಹಾಗಾಗಿ ಅದನ್ನು ನೋಡದೆ ಸುಮ್ನೆ ಜೆಟ್ ತರಬೇಡಿ.

ಜೆಟ್ ಮೇಲೆ ಸಣ್ಣ ನಂಬರ್ ಕೊರೆದಿರುತ್ತದೆ. ಕೆಲವು ಕಂಪನಿಗಳಲ್ಲಿ ಅದು ರಂಧ್ರದ ಅಳತೆ, 100 ಅಂದರೆ 1 ಮಿಲಿಮೀಟರ್. ಇನ್ನು ಕೆಲವರದ್ದು ಹರಿಯುವ ಪ್ರಮಾಣದ ಲೆಕ್ಕ. ಒಂದು ಕಂಪನಿಯ 80 ಇನ್ನೊಂದು ಕಂಪನಿಯ 80ಕ್ಕೆ ಸಮ ಅಲ್ಲ, ಥ್ರೆಡ್ ಕೂಡ ಬೇರೆ ಇರಬಹುದು. ಈಗಿರುವ ಜೆಟ್‌ನ ಕಂಪನಿಯದ್ದೇ, ಅದಕ್ಕಿಂತ ಸ್ವಲ್ಪ ಸ್ವಲ್ಪ ದೊಡ್ಡದಾದ ಮೂರ್ನಾಲ್ಕು ಸೈಜ್ ತಂದುಕೊಳ್ಳಿ.

ಎಂಜಿನ್ ತಣ್ಣಗಾಗಿರಲಿ, ಗಾಳಿ ಆಡುವ ಜಾಗ ಇರಲಿ, ಹತ್ತಿರ ಬೆಂಕಿ ಇರಬಾರದು. ಪೆಟ್ರೋಲ್ ಕಾಕ್ ಬಂದ್ ಮಾಡಿ, ಬೌಲ್ (ಕಾರ್ಬೊರೇಟರ್ ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಒಳಗಿರುವ ಪೆಟ್ರೋಲನ್ನು ಬಾಟಲಿಗೆ ಇಳಿಸಿ. ಕಾರ್ಬೊರೇಟರ್ ಪೂರ್ತಿ ಬಿಚ್ಚಲೇಬೇಕು ಅಂತಿಲ್ಲ, ಎಷ್ಟೋ ಸ್ಕೂಟರ್‌ಗಳಲ್ಲಿ ಎರಡು ಕಡೆಯ ಕ್ಲಾಂಪ್ ಸಡಿಲಿಸಿ ಸ್ವಲ್ಪ ಹೊರಳಿಸಿದರೆ ಬೌಲ್ ಕೈಗೆ ಸಿಗುತ್ತದೆ. ಬೌಲ್ ಸ್ಕ್ರೂಗಳ ತಲೆ ಬೇಗ ಸವೆಯುತ್ತದೆ. ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಹಿಡಿದು, ಚೆನ್ನಾಗಿ ಒತ್ತಿಕೊಂಡೇ ತಿರುಗಿಸಿ. ಬೌಲ್‌ನ ರಬ್ಬರ್ ರಿಂಗ್ ಪೆಟ್ರೋಲ್ ಕುಡಿದು ಉಬ್ಬಿ, ತನ್ನ ಜಾಗಕ್ಕೆ ವಾಪಸ್ ಕೂರದೆ ಸತಾಯಿಸಬಹುದು. ಎಳೆದು ತುರುಕಬೇಡಿ, ಕೆಲವು ಗಂಟೆ ಒಣಗಲು ಬಿಟ್ಟರೆ ಕುಗ್ಗುತ್ತದೆ.

ಒಳಗೆ ನಡುವೆ ಎದ್ದು ಕಾಣುವ ಹಿತ್ತಾಳೆ ತುಂಡೇ ಮೇನ್ ಜೆಟ್. ಪಕ್ಕದಲ್ಲಿ ಆಳಕ್ಕೆ ಕೂತಿರುವ ಸಣ್ಣದು ಪೈಲಟ್, ಅದನ್ನು ಮುಟ್ಟಬೇಡಿ. ಪೆಟ್ರೋಲ್ ಮೇಲೆ ತೇಲುತ್ತಾ ಮಟ್ಟ ಕಾಯುವ ಫ್ಲೋಟ್‌ಗೂ ಕೈ ತಾಗಿಸಬೇಡಿ, ಅದರ ಪಟ್ಟಿ ಸ್ವಲ್ಪ ಬಾಗಿದರೂ ಪೆಟ್ರೋಲ್ ಮಟ್ಟ ಬದಲಾಗುತ್ತದೆ. ಹಿತ್ತಾಳೆ ಮೆದು ಲೋಹ ಅಲ್ವಾ, ಸ್ಕ್ರೂಡ್ರೈವರ್ ತುದಿ ಜೆಟ್‌ನ ಗೀರಿನಷ್ಟೇ ಅಗಲ ಇರಬೇಕು, ಇಲ್ಲದಿದ್ದರೆ ಗೀರು ಕಿತ್ತುಹೋಗುತ್ತದೆ. ಕೆಲವು ಕಾರ್ಬೊರೇಟರ್‌ಗಳಲ್ಲಿ ಜೆಟ್ ಕೂರುವ ಹೋಲ್ಡರ್ ಕೂಡ ಜೊತೆಗೇ ತಿರುಗುತ್ತದೆ. ಹಾಗಾದರೆ ಹೋಲ್ಡರನ್ನು ಸಣ್ಣ ಸ್ಪಾನರ್‌ನಲ್ಲಿ ಹಿಡಿದುಕೊಂಡು ಜೆಟ್ ಮಾತ್ರ ಬಿಚ್ಚಿ.

ಹೊಸ ಜೆಟ್ಟನ್ನು ಮೊದಲು ಬೆರಳಲ್ಲೇ ತಿರುಗಿಸಿ. ಸಲೀಸಾಗಿ ಹೋಗಬೇಕು. ಬಿಗಿಯಾದರೆ ಓರೆಯಾಗಿ ಕೂತಿದೆ ಅಂತ ಅರ್ಥ, ತೆಗೆದು ಮತ್ತೆ ಹಾಕಿ. ಕೊನೆಗೆ ಸ್ಕ್ರೂಡ್ರೈವರ್‌ನಲ್ಲಿ ಸ್ವಲ್ಪವೇ ಬಿಗಿ ಮಾಡಿದರೆ ಸಾಕು. ಹಳೆ ಜೆಟ್ ಕಟ್ಟಿಕೊಂಡಿದ್ದರೆ ಕ್ಲೀನರ್ ಸ್ಪ್ರೇ ಹೊಡೆದು ಗಾಳಿ ಊದಿ, ಕಬ್ಬಿಣದ ತಂತಿ ಮಾತ್ರ ತೂರಿಸಬೇಡಿ, ರಂಧ್ರ ದೊಡ್ಡದಾದರೆ ಆ ನಂಬರ್‌ಗೆ ಅರ್ಥವೇ ಇರುವುದಿಲ್ಲ.

ಡ್ರೈನ್ ಸ್ಕ್ರೂ, ಬೌಲ್, ಕ್ಲಾಂಪ್ ಎಲ್ಲ ವಾಪಸ್ ಬಿಗಿ ಮಾಡಿ, ಕಾಕ್ ತೆರೆದು ಕೆಲವು ನಿಮಿಷ ಕಾಯಿರಿ. ಎಲ್ಲೂ ಜಿನುಗದಿದ್ದರೆ ಸ್ಟಾರ್ಟ್ ಮಾಡಿ.

ಟೆಸ್ಟ್ ಮಾಡುವಾಗ ದೊಡ್ಡ ಜೆಟ್‌ನಿಂದ ಶುರು ಮಾಡಿ ಚಿಕ್ಕದರ ಕಡೆ ಬನ್ನಿ. ಇದರಲ್ಲಿ ರಾಜಿ ಬೇಡ. ಪೆಟ್ರೋಲ್ ಜಾಸ್ತಿಯಾದರೆ ಪ್ಲಗ್ ಮಸಿಯಾಗುತ್ತದೆ, ಗಾಡಿ ಭಾರವಾಗಿ ಓಡುತ್ತದೆ, ಅಷ್ಟೇ. ಕಡಿಮೆಯಾದರೆ ಎಂಜಿನ್ ಕಾದು ಪಿಸ್ಟನ್ ಸೀಜ್ ಆಗಬಹುದು, ಅದರಲ್ಲೂ ಆಯಿಲ್ ಬೆರೆಸಿದ ಪೆಟ್ರೋಲಲ್ಲಿ ಓಡುವ ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಜೊತೆ ಆಯಿಲೂ ಕಡಿಮೆಯಾಗುತ್ತದೆ. ಎಂಜಿನ್ ಬಿಸಿಯಾದ ಮೇಲೆ ಖಾಲಿ ರಸ್ತೆಯಲ್ಲಿ ಫುಲ್ ಕೊಟ್ಟು ಓಡಿಸಿ. ಆಕ್ಸಿಲರೇಟರ್ ಸ್ವಲ್ಪ ಹಿಂದಕ್ಕೆ ಬಿಟ್ಟಾಗ ಗಾಡಿ ಇನ್ನೂ ಚುರುಕಾದರೆ ಜೆಟ್ ಚಿಕ್ಕದು, ಅಲ್ಲೇ ನಿಲ್ಲಿಸಿ. ಎಂಜಿನ್ ತಣ್ಣಗಿದ್ದಾಗ ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ಮಂಕಾದರೆ ದೊಡ್ಡದು. ನಂತರ ಪ್ಲಗ್ ಬಿಚ್ಚಿ ನೋಡಿ: ತಿಳಿ ಕಂದು ಬಣ್ಣ ಸರಿ, ಬೆಳ್ಳಗಿದ್ದರೆ ಅಪಾಯ, ಕಪ್ಪು ಮಸಿ ಇದ್ದರೆ ಇನ್ನೊಂದು ಸೈಜ್ ಇಳಿಸಿ.

ಸೈಜ್ ಸಿಕ್ಕ ಮೇಲೆ ಐಡ್ಲಿಂಗ್ ಒಮ್ಮೆ ಹೊಂದಿಸಿ. ಹಳೆ ಜೆಟ್ ಬಿಸಾಡಬೇಡಿ. ಮುಂದೆ ಹಳೆ ಸೈಲೆನ್ಸರ್ ವಾಪಸ್ ಹಾಕಿದರೆ ಅದೇ ಜೆಟ್ ಬೇಕಾಗುತ್ತದೆ.